ವಿಟ್ನಿ: ಎಂಜಿಬಿಗೆ ಹೊಸ ಬುಡ ಕೊಡುವ ಊರು

ಇಂಗ್ಲೆಂಡಿನ ವಿಟ್ನಿ ಶತಮಾನಗಳ ಕಾಲ ಕಂಬಳಿಗೆ ಹೆಸರಾದ ಊರು. ಆಕ್ಸ್‌ಫರ್ಡ್‌ನಿಂದ ಪಶ್ಚಿಮಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿ, ವಿಂಡ್‌ರಷ್ ನದಿಯ ದಡದಲ್ಲಿರುವ ಈ ಊರಿನ ಕೊನೆಯ ಕಂಬಳಿ ಗಿರಣಿ 2002ರಲ್ಲಿ ಬಾಗಿಲು ಹಾಕಿತು. ಹಳೆಯ ಕಾರುಗಳ ಹುಚ್ಚು ಹತ್ತಿಸಿಕೊಂಡವರಿಗೆ ಮಾತ್ರ ವಿಟ್ನಿ ಇಂದಿಗೂ ಬೇಕಾದ ಊರೇ. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆಯ ಕಾರ್ಖಾನೆ ಇರುವುದು ಇಲ್ಲಿ. ಎಂಜಿಬಿ ಸ್ಪೋರ್ಟ್ಸ್ ಕಾರಿನ ತಯಾರಿಕೆ ನಿಂತು ನಾಲ್ಕು ದಶಕ ದಾಟಿದರೂ, ಅದರ ಇಡೀ ಬಾಡಿಯನ್ನು ಇಲ್ಲಿ ಹೊಸದಾಗಿ ಮಾಡಿಕೊಡುತ್ತಾರೆ.

ಎಂಜಿಬಿ ಹುಟ್ಟಿದ್ದು ಇದೇ ಆಕ್ಸ್‌ಫರ್ಡ್ ಸೀಮೆಯ ಅಬಿಂಗ್ಡನ್‌ನಲ್ಲಿ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಅಲ್ಲಿಂದ ಹೊರಬಂದವು. ಅದಕ್ಕೂ ಮುಂಚಿನ ಎಂಜಿಎ ಕಾರಿಗೆ ಪ್ರತ್ಯೇಕ ಚಾಸಿ ಇತ್ತು. ಎಂಜಿಬಿಗೆ ಅದಿಲ್ಲ, ತಗಡುಗಳನ್ನು ಮಡಿಸಿ, ಒಂದಕ್ಕೊಂದು ಬೆಸೆದ ಬಾಡಿಯೇ ಭಾರ ಹೊರಬೇಕು. ಮೇಲೆ ಗಟ್ಟಿ ಚಾವಣಿಯಿಲ್ಲದ ಕಾರು ನಡು ಬಾಗದಂತೆ ಹಿಡಿಯುವ ಹೊಣೆ ಬಹುಪಾಲು ಬಾಗಿಲ ಕೆಳಗಿನ ಸಿಲ್‌ಗಳದು.

ತುಕ್ಕು ಗೂಡು ಕಟ್ಟುವುದೂ ಅಲ್ಲೇ. ಹೊರಗಿನ ಸಿಲ್, ಒಳಗಿನ ಸಿಲ್, ಎರಡರ ನಡುವೆ ನಿಲ್ಲಿಸಿದ ಒಂದು ತಗಡು, ತಳದಲ್ಲಿ ಕ್ಯಾಸಲ್ ರೈಲ್. ಕೋಟೆಯ ತೆನೆಗಳಂತೆ ಅಂಚು ಕತ್ತರಿಸಿದ ಉದ್ದನೆಯ ಪಟ್ಟಿ ಅದು. ಸೀಟುಗಳ ಕೆಳಗೆ ಅಡ್ಡಲಾಗಿ ಹಾದುಹೋಗುವ ಕ್ರಾಸ್ ಮೆಂಬರ್ ಎರಡೂ ಬದಿಯ ಸಿಲ್‌ಗಳನ್ನು ಕೂಡಿಸುತ್ತದೆ. ಜಾಕಿ ಕೊಡುವ ಜಾಗ ಅದರ ತುದಿಯಲ್ಲಿದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು, ಚಕ್ರ ಎರಚುವ ಕೆಸರಿನ ಜೊತೆ ಈ ಸಂದುಗಳಿಗೆ ನುಗ್ಗುತ್ತದೆ. ನೀರು ಇಳಿಯುವ ತೂತುಗಳು ಕಟ್ಟಿಕೊಂಡರೆ ತಗಡು ಒಳಗಿನಿಂದಲೇ ಕೊಳೆಯುತ್ತದೆ. ಹೊರಗಿನ ಬಣ್ಣದ ಮೇಲೆ ಒಂದು ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗಿನ ತಗಡು ಪುಡಿಯಾಗಿದ್ದರೂ ಆಶ್ಚರ್ಯವಿಲ್ಲ.

ಇದರ ರಿಪೇರಿ ಅವಸರದ ಕೆಲಸವಲ್ಲ. ಕಾರನ್ನು ಸಮತಟ್ಟಾಗಿ ನಿಲ್ಲಿಸಿ, ಬಾಗಿಲ ಚೌಕಕ್ಕೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬಿಗಿಯದೆ ಸಿಲ್ ಕತ್ತರಿಸಿದರೆ ಬಾಡಿ ಜಗ್ಗುತ್ತದೆ, ಆಮೇಲೆ ಬಾಗಿಲು ಕೂರುವುದಿಲ್ಲ. ಹಳೆಯ ಸ್ಪಾಟ್ ವೆಲ್ಡ್‌ಗಳನ್ನು ಒಂದೊಂದಾಗಿ ಡ್ರಿಲ್ ಮಾಡಿ ಬಿಡಿಸಬೇಕು. ತುಕ್ಕು ಹಿಡಿದ ಭಾಗವನ್ನು ಒಳ್ಳೆಯ ಲೋಹ ಸಿಗುವವರೆಗೂ ಕತ್ತರಿಸಬೇಕು. ಹೊಸ ಕ್ಯಾಸಲ್ ರೈಲು, ಸಿಲ್‌ಗಳನ್ನು ಕ್ಲ್ಯಾಂಪ್ ಹಾಕಿ ಕೂರಿಸಿ, ಬಾಗಿಲು ತೂಗುಹಾಕಿ, ಸುತ್ತಲ ಸಂದು ಸಮವಾಗಿದೆಯೇ ಎಂದು ನೋಡಿದ ಮೇಲಷ್ಟೇ ವೆಲ್ಡಿಂಗ್. ಕೊನೆಗೆ ಪೊಳ್ಳುಗಳ ಒಳಗೆಲ್ಲ ಮೇಣ ಸಿಂಪಡಿಸುತ್ತಾರೆ. ಹಳೆಯ ತುಕ್ಕಿನ ಮೇಲೆಯೇ ಹೊಸ ತಗಡು ಮುಚ್ಚಿ ಪುಟ್ಟಿ ಬಳಿಯುವ ಅಡ್ಡದಾರಿಯೂ ಉಂಟು. ಅದು ರಿಪೇರಿಯಲ್ಲ, ಮುಂದಿನ ಮಾಲೀಕನಿಗೆ ಮಾಡುವ ಮೋಸ.

ವಿಟ್ನಿಯ ಮಹತ್ವ ಗೊತ್ತಾಗುವುದು ಇಂಥ ಕೆಲಸದ ನಡುವೆ. 1975ರಲ್ಲಿ ಆರಂಭವಾದ ಹೆರಿಟೇಜ್ ಸಂಸ್ಥೆ, ಮೂಲೆಗುಂಪಾಗಿದ್ದ ಮೂಲ ಅಚ್ಚುಗಳನ್ನು ಹುಡುಕಿ ಮತ್ತೆ ಪ್ರೆಸ್‌ಗೆ ಏರಿಸಿತು. 1988ರಲ್ಲಿ ಎಂಜಿಬಿಯ ಹೊಸ ಬಾಡಿ ಮಾರುಕಟ್ಟೆಗೆ ಬಂತು. ಅಂದಿನಿಂದ ಮಾಲೀಕರಿಗೆ ಎರಡು ದಾರಿ: ಕೊಳೆತಷ್ಟನ್ನೇ ತೆಗೆದು ಬಿಡಿ ತಗಡು ಬೆಸೆಯುವುದು, ಇಲ್ಲವೇ ಹಳೆಯ ಎಂಜಿನ್, ಗೇರ್‌ಬಾಕ್ಸ್, ಸೀಟುಗಳನ್ನೆಲ್ಲ ಹೊಸ ಬಾಡಿಗೆ ಸಾಗಿಸುವುದು. ಈ ಬಾಡಿಯ ಯಶಸ್ಸು ಎಷ್ಟಿತ್ತೆಂದರೆ, 1992ರಲ್ಲಿ ರೋವರ್ ಕಂಪನಿ ಅದನ್ನೇ ಆಧಾರವಾಗಿಟ್ಟುಕೊಂಡು ಎಂಜಿ ಆರ್‌ವಿ8 ಎಂಬ ಹೊಸ ಕಾರನ್ನೇ ತೋರಿಸಿತು. ಸುಮಾರು ಎರಡು ಸಾವಿರ ಆರ್‌ವಿ8ಗಳು ತಯಾರಾದವು. ಹೆಚ್ಚಿನವು ಜಪಾನಿಗೆ ಹೋದವು.

ಹೊಳೆಯುವ ಗ್ರಿಲ್, ಸ್ಟೀರಿಂಗ್ ಚಕ್ರಗಳನ್ನು ಜೋಪಾನ ಮಾಡುವವರು ಬಹಳ ಮಂದಿ. ಕಾರಿನಡಿ ಯಾರ ಕಣ್ಣಿಗೂ ಬೀಳದ ಪಟ್ಟಿಯೊಂದರ ಅಚ್ಚನ್ನು ಕಾಪಾಡಿಟ್ಟ ಊರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಸಲ್ಲಬೇಕು.

ಹಳೆಯ ಎಂಜಿಬಿ ಕೊಳ್ಳಲು ಹೊರಟವರು ಬಣ್ಣಕ್ಕೆ ಮರುಳಾಗಬೇಡಿ. ಕಾರ್ಪೆಟ್ ಎತ್ತಿ, ಟಾರ್ಚ್ ಹಿಡಿದು ಕಾರಿನಡಿ ಮಲಗಿ. ಸಿಲ್‌ನ ಹಿಂದೆ ಕ್ಯಾಸಲ್ ರೈಲಿನ ಅಂಚು ಸ್ಪಷ್ಟವಾಗಿ ಕಾಣದೆ ಬರೀ ತೇಪೆ, ಪುಟ್ಟಿ ಕಂಡರೆ, ವೆಲ್ಡಿಂಗ್ ಖರ್ಚನ್ನು ಸೇರಿಸಿಯೇ ಬೆಲೆ ಮಾತಾಡಿ.