101 ಒತ್ತಿದರೆ ಗೋಡೌನ್ ಫೋನ್ ರಿಂಗ್ ಆಯ್ತು!

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ಮೂವರು ಕ್ಲಾಸ್‌ಮೇಟ್ ಒಬ್ಬನ ಊರಾದ ಹೊನ್ನವಳ್ಳಿಗೆ ಹೋಗಿದ್ವಿ. ತಿಪಟೂರು ತಾಲ್ಲೂಕು, ಎಲ್ಲಿ ನೋಡಿದ್ರೂ ತೆಂಗು. ಅವರ ಮನೆಯವರದ್ದು ಕೊಬ್ಬರಿ ವ್ಯಾಪಾರ. ಹೊನ್ನವಳ್ಳಿಯಲ್ಲಿ ಮನೆ ಮತ್ತು ಗೋಡೌನ್, ತಿಪಟೂರಿನಲ್ಲಿ ಅಂಗಡಿ. ಮನೆಯ ಲ್ಯಾಂಡ್‌ಲೈನ್ ನಂಬರ್ ಹಳೇ ಕಾಲದಿಂದ ಬಿಲ್ ಪುಸ್ತಕದ ಮೇಲೆ ಪ್ರಿಂಟ್ ಆಗಿದೆ, ಹಾಗಾಗಿ ಹಳೇ ಗಿರಾಕಿಗಳೆಲ್ಲ ಅದಕ್ಕೇ ಫೋನ್ ಮಾಡ್ತಾರೆ. ಆದರೆ ಹರಾಜಿನ ದಿನ ಎಲ್ಲರೂ ತಿಪಟೂರಿನಲ್ಲಿರ್ತಾರೆ, ಮನೆಯಲ್ಲಿ ಫೋನ್ ಬಡ್ಕೊಂಡು ಸುಮ್ಮನಾಗುತ್ತೆ. "ಏನಾದ್ರೂ ಮಾಡೋಕಾಗುತ್ತಾ?" ಅಂತ ಗೆಳೆಯನ ಅಪ್ಪ ಕೇಳಿದ್ರು. ನಾವು ಜೋಶ್‌ನಲ್ಲಿ ಒಪ್ಕೊಂಡ್ವಿ. ಒಂದು ಸಣ್ಣ ವಾಯ್ಸ್ ಓವರ್ ಐಪಿ ಗೇಟ್‌ವೇ ತಂದ್ವಿ.

ಗೇಟ್‌ವೇ ಮಾಡೋ ಕೆಲಸ

ಇದರಲ್ಲಿ ಎರಡು ಥರದ ಟೆಲಿಫೋನ್ ಪೋರ್ಟ್ ಇರುತ್ತೆ. ಎಫ್‌ಎಕ್ಸ್‌ಎಸ್ ಪೋರ್ಟ್‌ಗೆ ಸಾಮಾನ್ಯ ಫೋನ್ ಸಿಕ್ಕಿಸ್ತೀವಿ, ಅದಕ್ಕೆ ಡಯಲ್ ಟೋನ್ ಮತ್ತು ರಿಂಗ್ ಕೊಡೋದು ಗೇಟ್‌ವೇ. ಎಫ್‌ಎಕ್ಸ್‌ಒ ಪೋರ್ಟ್‌ಗೆ ಎಕ್ಸ್‌ಚೇಂಜ್‌ನಿಂದ ಬರೋ ಲೈನ್ ಸಿಕ್ಕಿಸ್ತೀವಿ, ಅಲ್ಲಿ ಗೇಟ್‌ವೇ ತಾನೇ ಒಂದು ಫೋನ್ ಥರ ನಡ್ಕೊಳ್ಳುತ್ತೆ. ಇನ್ನೊಂದು ಕಡೆ ಇಂಟರ್ನೆಟ್. ಒಟ್ಟಿನಲ್ಲಿ ಇದೊಂದು ಪುಟ್ಟ ಎಕ್ಸ್‌ಚೇಂಜ್. 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಶುರುವಾದ ಸಿ-ಡಾಟ್‌ನ 128 ಪೋರ್ಟ್‌ಗಳ ಗ್ರಾಮೀಣ ಎಕ್ಸ್‌ಚೇಂಜ್ ಮಾಡ್ತಿದ್ದದ್ದೂ ಮೂಲದಲ್ಲಿ ಇದೇ: ಒತ್ತಿದ ಅಂಕಿಗಳನ್ನು ಓದು, ದಾರಿ ಆರಿಸು.

ಆ ದಾರಿ ಆರಿಸೋ ನಿಯಮಗಳ ಪಟ್ಟಿಯೇ ಕಾಲ್ ಪ್ರೊಫೈಲ್‌ನ ಹೃದಯ. ಪ್ರತಿ ನಿಯಮದಲ್ಲೂ ಮೂರು ವಿಷಯ: ಯಾವ ನಂಬರ್ ಬಂದರೆ, ಯಾವ ಪೋರ್ಟ್‌ಗೆ, ಅಂಕಿಗಳಲ್ಲಿ ಏನು ಬದಲಾಯಿಸಿ ಕಳಿಸಬೇಕು. ನಮ್ಮ ಗೇಟ್‌ವೇ ಪಟ್ಟಿಯನ್ನು ಮೇಲಿಂದ ಕೆಳಗೆ ಓದುತ್ತೆ. ಮೊದಲು ಹೊಂದಿದ ನಿಯಮಕ್ಕೇ ಕಾಲ್ ಹೋಗುತ್ತೆ, ಕೆಳಗಿನವನ್ನು ನೋಡೋದೇ ಇಲ್ಲ.

ನಾವು ಮಾಡಿದ ತಪ್ಪು

ಒಳಗಿನ ಫೋನ್‌ಗಳಿಗೆ ನಂಬರ್ ಕೊಟ್ವಿ: ಗೋಡೌನ್ 101, ಮನೆ 102, ತಿಪಟೂರಿನ ಅಂಗಡಿ 103. ಮೊದಲ ನಿಯಮ ಹೀಗಿತ್ತು: 1ರಿಂದ ಶುರುವಾಗೋ 3 ಅಂಕಿ ಬಂದರೆ ಅದು ಒಳಗಿನ ಫೋನ್. ಮನೆಯಿಂದ 101 ಒತ್ತಿದರೆ ಗೋಡೌನ್‌ನಲ್ಲಿ ರಿಂಗ್, 103 ಒತ್ತಿದರೆ ಅಂಗಡಿಯಲ್ಲಿ ರಿಂಗ್. ಸೂಪರ್ ಅಂದ್ಕೊಂಡು ನಂಬರ್‌ಗಳನ್ನು ಹಾಳೆ ಮೇಲೆ ಬರೆದು ಗೋಡೆಗೆ ಅಂಟಿಸಿದ್ವಿ.

ಗೆಳೆಯನ ಅಜ್ಜಿ ಅದನ್ನ ನೋಡ್ತಾ ನಿಂತಿದ್ರು. "ಅಟ್ಟಕ್ಕೆ ಬೆಂಕಿ ಬಿದ್ರೆ ಯಾವ್ ನಂಬರ್ ಒತ್ಬೇಕಪ್ಪ?" ಅಂದ್ರು. "101 ಅಜ್ಜಿ, ಫೈರ್ ಸ್ಟೇಷನ್" ಅಂದ್ವಿ. ಹೇಳಿದ ಮೇಲೆ ಮೂವರೂ ಮುಖ ಮುಖ ನೋಡ್ಕೊಂಡ್ವಿ.

ಉಂಡೆ ಕೊಬ್ಬರಿ ಆಗ್ಬೇಕಂದ್ರೆ ಕಾಯಿಗಳು ಹೆಚ್ಚು ಕಡಿಮೆ ಒಂದು ವರ್ಷ ಅಟ್ಟದ ಮೇಲೆ ಇರ್ಬೇಕು. ಒಣಗಿದ ಸಿಪ್ಪೆ, ಎಣ್ಣೆ ತುಂಬಿದ ಕೊಬ್ಬರಿ, ಎಲ್ಲ ಒಂದೇ ಕಡೆ. ಅಲ್ಲಿಗೆ ಬೆಂಕಿ ಬಿದ್ದಾಗ ಮನೆಯಿಂದ ಯಾರಾದ್ರೂ 101 ಒತ್ತಿದ್ರೆ, ಉರೀತಿರೋ ಗೋಡೌನ್‌ನಲ್ಲೇ ಫೋನ್ ರಿಂಗ್ ಆಗ್ತಿತ್ತು. 101 ಮಾತ್ರ ಅಲ್ಲ. 2008ರಿಂದ ರಾಜ್ಯದಲ್ಲಿರೋ 108 ಆಂಬುಲೆನ್ಸ್, ಈಗಿನ 112 ಕೂಡ 1ರಿಂದ ಶುರುವಾಗೋ 3 ಅಂಕಿಗಳೇ. ಎರಡನ್ನೂ ನಮ್ಮ ನಿಯಮ ನುಂಗಿ, ಅಂಥ ಒಳಗಿನ ಫೋನೇ ಇಲ್ಲ ಅಂತ ಕಾಲ್ ಕಟ್ ಮಾಡ್ತಿತ್ತು.

ಮತ್ತೆ ಬರೆದ ಪಟ್ಟಿ

ಒಳಗಿನ ಫೋನ್‌ಗಳನ್ನು 501, 502, 503 ಮಾಡಿದ್ವಿ. 5ರಿಂದ ಮೊಬೈಲ್ ನಂಬರ್ ಶುರುವಾಗಲ್ಲ, ಆ ಮನೆಯವರು ಒತ್ತೋ ಲೋಕಲ್ ನಂಬರ್‌ಗಳೆಲ್ಲ 2ರಿಂದ ಶುರು. ಆಮೇಲೆ ಕ್ರಮ ಹೀಗೆ:

1. 112, 108, 101, 100: ಏನೂ ಬದಲಾಯಿಸದೆ, ಕಾಯದೆ, ಲ್ಯಾಂಡ್‌ಲೈನ್‌ಗೆ.
2. 5ರಿಂದ ಶುರುವಾಗೋ 3 ಅಂಕಿ: ಒಳಗಿನ ಫೋನ್.
3. 2ರಿಂದ ಶುರುವಾಗೋ 6 ಅಂಕಿ: ತಿಪಟೂರು ಕಡೆಯ ಲೋಕಲ್ ನಂಬರ್, ಹಾಗೇ ಲ್ಯಾಂಡ್‌ಲೈನ್‌ಗೆ.
4. 0 ಮತ್ತು ಆಮೇಲೆ 10 ಅಂಕಿ: ಹಾಗೇ ಲ್ಯಾಂಡ್‌ಲೈನ್‌ಗೆ.
5. 6, 7, 8, 9ರಿಂದ ಶುರುವಾಗೋ 10 ಅಂಕಿ: ಮುಂದೆ 0 ಸೇರಿಸಿ ಲ್ಯಾಂಡ್‌ಲೈನ್‌ಗೆ.

ನಾಲ್ಕನೆಯದರಲ್ಲಿ ಒಂದು ಮಜಾ ಇದೆ. ತುರುವೇಕೆರೆ ಕೋಡ್ 08139, ಚಿಕ್ಕನಾಯಕನಹಳ್ಳಿ 08133. ಶುರುವಿನ 0 ಬಿಟ್ಟರೆ ಕೋಡ್ 4 ಅಂಕಿ, ನಂಬರ್ 6 ಅಂಕಿ, ಒಟ್ಟು 10. ಮೊಬೈಲ್ ಕೂಡ 10. ಹಾಗಾಗಿ ಎಸ್‌ಟಿಡಿ ಮತ್ತು ಮೊಬೈಲ್ ಎರಡಕ್ಕೂ ಒಂದೇ ನಿಯಮ ಸಾಕು. ಐದನೆಯದು ಯಾಕೆ? 2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಯಾವ ಮೊಬೈಲ್‌ಗೆ ಮಾಡಿದ್ರೂ ಮುಂದೆ 0 ಬೇಕು. ಅದನ್ನ ಜನ ಮರೀತಾರೆ, ಗೇಟ್‌ವೇ ಮರೆಯಲ್ಲ.

ಹೊರಗಿಂದ ಬರೋ ಕಾಲ್‌ಗೆ ಬೇರೆ ಪ್ರೊಫೈಲ್: ಮೊದಲು ಮನೆಯಲ್ಲಿ 20 ಸೆಕೆಂಡ್ ರಿಂಗ್, ಯಾರೂ ಎತ್ತದಿದ್ರೆ ಅಂಗಡಿಯ 503ಕ್ಕೆ.

ದನಿ ಮತ್ತು ಟೋನ್

ದನಿಯನ್ನು ಯಾವ ಕೋಡೆಕ್‌ನಲ್ಲಿ ಕಳಿಸಬೇಕು ಅನ್ನೋದನ್ನೂ ಪ್ರೊಫೈಲ್‌ನಲ್ಲೇ ಹೇಳ್ತೀವಿ. ಜಿ.711ರಲ್ಲಿ ದನಿಗೆ 64 ಕೆಬಿಪಿಎಸ್. 20 ಮಿಲಿಸೆಕೆಂಡ್‌ಗೊಂದು ಪ್ಯಾಕೆಟ್ ಕಳಿಸಿದ್ರೆ ಐಪಿ ಹೆಡರ್‌ಗಳೆಲ್ಲ ಸೇರಿ 80 ಆಗುತ್ತೆ. ಜಿ.729ರಲ್ಲಿ ದನಿಗೆ 8, ಹೆಡರ್ ಸೇರಿ 24. ಅಂಗಡಿಯ ಇಂಟರ್ನೆಟ್ ಆಗಾಗ ಸೊರಗೋದ್ರಿಂದ ಅಲ್ಲಿಗೆ ಜಿ.729 ಹಾಕಿದ್ವಿ. ಮನೆ ಮತ್ತು ಗೋಡೌನ್ ಒಂದೇ ಕಾಂಪೌಂಡ್, ಅವೆರಡೂ ಅದೇ ಗೇಟ್‌ವೇಯ ಪೋರ್ಟ್‌ಗಳು. ಅಲ್ಲಿ ಈ ತಲೆನೋವೇ ಇಲ್ಲ.

ಇನ್ನೊಂದು ಕಡೆ ಒಂದು ಸಂಜೆ ಪೂರ್ತಿ ಹೋಯ್ತು. ಆ ಕಡೆಯವರು ಫೋನ್ ಇಟ್ಟರೂ ನಮ್ಮ ಲೈನ್ ಬಿಡುಗಡೆ ಆಗ್ತಿರಲಿಲ್ಲ. ಅವರು ಇಟ್ಟರು ಅಂತ ಗೇಟ್‌ವೇ ಬಿಜಿ ಟೋನ್ ಕೇಳಿ ತಿಳ್ಕೊಳ್ಳುತ್ತೆ. ಅದರಲ್ಲಿ ಮೊದಲೇ ಇದ್ದದ್ದು ಅಮೆರಿಕದ ಟೋನ್: 480 ಮತ್ತು 620 ಹರ್ಟ್ಸ್ ಒಟ್ಟಿಗೆ, ಅರ್ಧ ಸೆಕೆಂಡ್ ಸದ್ದು, ಅರ್ಧ ಸೆಕೆಂಡ್ ಮೌನ. ನಮ್ಮ ದೇಶದ್ದು 400 ಹರ್ಟ್ಸ್, 0.75 ಸೆಕೆಂಡ್ ಸದ್ದು, 0.75 ಮೌನ. ದೇಶ ಬದಲಾಯಿಸಿದ ಕೂಡಲೇ ಸರಿ ಹೋಯ್ತು.

ಕರೆಂಟ್ ಹೋದ್ರೆ?

ಇದನ್ನೂ ಅಜ್ಜಿಯೇ ಕೇಳಿದ್ದು. ತಾಮ್ರದ ಲೈನ್‌ಗೆ ಎಕ್ಸ್‌ಚೇಂಜ್‌ನಿಂದಲೇ 48 ವೋಲ್ಟ್ ಬರುತ್ತೆ, ಹಳೇ ಫೋನ್‌ಗೆ ಮನೆಯ ಕರೆಂಟ್ ಬೇಡ. ಗೇಟ್‌ವೇಗೆ ಬೇಕು. ಅದಕ್ಕೆ ಹಾಲ್‌ನಲ್ಲಿದ್ದ ಹಳೇ ಫೋನನ್ನು ಗೇಟ್‌ವೇಗಿಂತ ಮುಂಚೆ, ನೇರ ಲೈನ್‌ಗೇ ಉಳಿಸಿದ್ವಿ. ನಿಮ್ಮ ಮನೆಗೆ ಫೈಬರ್ ಬಂದಿದ್ರೆ ಈ ಉಪಾಯ ನಡೆಯಲ್ಲ, ಮೋಡೆಮ್‌ಗೂ ಗೇಟ್‌ವೇಗೂ ಯುಪಿಎಸ್ ಬೇಕು.

ಒಂದು ಎಚ್ಚರಿಕೆ: ಟೆಸ್ಟ್ ಮಾಡೋಕೆ ಅಂತ 112ಕ್ಕೋ 101ಕ್ಕೋ ಕಾಲ್ ಮಾಡ್ಬೇಡಿ, ನಿಜವಾಗ್ಲೂ ಕಷ್ಟದಲ್ಲಿರೋರ ಲೈನ್ ಅದು. ನಂಬರ್ ಟೈಪ್ ಮಾಡಿದ್ರೆ ಯಾವ ನಿಯಮಕ್ಕೆ ಹೊಂದುತ್ತೆ ಅಂತ ತೋರಿಸೋ ಪುಟ ನಮ್ಮ ಗೇಟ್‌ವೇಯಲ್ಲಿತ್ತು. ಎಲ್ಲ ತುರ್ತು ನಂಬರ್‌ಗಳನ್ನೂ ಅಲ್ಲೇ ಹಾಕಿ ನೋಡಿದ್ವಿ.

ಲ್ಯಾಬ್‌ನಲ್ಲಿ ನಾವು "ಕಾಲ್ ಹೋಯ್ತಾ? ಹೋಯ್ತು" ಅಂತ ಟಿಕ್ ಹಾಕಿ ಎದ್ದು ಬರ್ತೀವಿ. ಹೊನ್ನವಳ್ಳಿಯಲ್ಲೂ ನಮ್ಮ ಎಲ್ಲ ಟೆಸ್ಟ್ ಪಾಸ್ ಆಗಿತ್ತು. ಯಾಕಂದ್ರೆ ನಮಗೆ ಹೊಳೆದ ನಂಬರ್‌ಗಳನ್ನ ಮಾತ್ರ ಒತ್ತಿದ್ವಿ. ಆ ಮನೆಯಲ್ಲಿ ಇರೋರು ಯಾವತ್ತು ಏನು ಒತ್ತಬಹುದು ಅಂತ ಅವರನ್ನೇ ಕೇಳಬೇಕಿತ್ತು. ಗೋಡೆಯ ಹಾಳೆ ಈಗ ಬದಲಾಗಿದೆ. ಮೊದಲ ಸಾಲಿನಲ್ಲಿ 112, ಅಜ್ಜಿಗೆ ಕಾಣೋ ಹಾಗೆ ದಪ್ಪ ಅಕ್ಷರದಲ್ಲಿ.