ಕಾಲೇಜಿನ ಜಾಲತಾಣ ಯಾರಿಗಾಗಿ?

ಕೆಲವು ವರ್ಷಗಳ ಹಿಂದಿನ ಮಾತು. ಕಾಲೇಜು ಪ್ರಾರಂಭವಾಗುವ ದಿನಗಳಲ್ಲಿ, ದೂರದ ಹಳ್ಳಿಯೊಂದರಿಂದ ಎರಡು ಬಸ್ಸುಗಳನ್ನು ಹಿಡಿದು ತಂದೆಯೊಡನೆ ಬಂದ ಹುಡುಗಿಯೊಬ್ಬಳು ನಮ್ಮ ಕಾಲೇಜಿನ ಕಚೇರಿಯ ಕಿಟಕಿಯ ಮುಂದೆ ನಿಂತಿದ್ದಳು. ಅವಳ ಕೈಯಲ್ಲಿ ವಿದ್ಯಾರ್ಥಿನಿಲಯದ ಅರ್ಜಿಯಿತ್ತು. ಅದನ್ನು ಒಪ್ಪಿಸಲು ಗೊತ್ತುಮಾಡಿದ್ದ ಕಡೆಯ ದಿನವು ಕಳೆದು ಎರಡು ದಿನಗಳಾಗಿದ್ದುವು. “ವೆಬ್‌ಸೈಟಿನಲ್ಲಿ ಹಾಕಿದ್ದೆವಲ್ಲಮ್ಮ, ನೋಡಲಿಲ್ಲವೆ?” ಎಂದರು ಗುಮಾಸ್ತರು. “ನೋಡಿದೆ ಸಾರ್, ಎಲ್ಲೂ ಕಾಣಲಿಲ್ಲ” ಎಂದಳು ಹುಡುಗಿ. ಇಬ್ಬರ ಮಾತೂ ನಿಜವಾಗಿತ್ತು. ಆ ವರ್ಷ ಅವಳಿಗೆ ವಿದ್ಯಾರ್ಥಿನಿಲಯ ದೊರೆಯಲಿಲ್ಲ. ದಿನವೂ ಬಸ್ಸಿನಲ್ಲಿಯೇ ಓಡಾಡಬೇಕಾಯಿತು.

ಪ್ರಾಮಾಣಿಕರಾದ ಇಬ್ಬರು ವೀಕ್ಷಕರ ವರದಿಗಳು ಒಂದಕ್ಕೊಂದು ಹೊಂದದಿದ್ದಾಗ ಉಪಕರಣವನ್ನು ಪರೀಕ್ಷಿಸಬೇಕೆಂಬುದು ಪ್ರಯೋಗಶಾಲೆಯ ಮೊದಲ ಪಾಠ. ನಾವು ಕಾಲೇಜಿನ ಜಾಲತಾಣವನ್ನು ತೆರೆದು ಹುಡುಕಿದೆವು. ‘ಆಡಳಿತ’ ಎಂಬ ಶೀರ್ಷಿಕೆಯ ಕೆಳಗೆ ‘ಸುತ್ತೋಲೆಗಳು’. ಅದರೊಳಗೆ ಕ್ರಮಸಂಖ್ಯೆ ಮತ್ತು ದಿನಾಂಕ ಮಾತ್ರವಿದ್ದ ಉದ್ದನೆಯ ಪಟ್ಟಿ. ಅದರಲ್ಲೊಂದನ್ನು ಒತ್ತಿದರೆ, ಓರೆಯಾಗಿ ತೆಗೆದ ಕಾಗದದ ಚಿತ್ರ. ಸೂಚನೆಯೇನೋ ಇತ್ತು, ಆದರೆ ಅದು ಇರುವ ಜಾಗವನ್ನು ಮೊದಲೇ ಬಲ್ಲವರಿಗೆ ಮಾತ್ರ ಇತ್ತು. ಈ ತಾಣವನ್ನು ಹೊಸದಾಗಿ ಕಟ್ಟುವ ಹೊಣೆಯು ಅನಂತರ ನಮ್ಮ ಪಾಲಿಗೇ ಬಂದಿತು. ಆಗ ಕಲಿತ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಜಾಲವು ಹುಟ್ಟಿದುದು ಏಕೆ?

ಇಂದು ಲೋಕವನ್ನೆಲ್ಲ ಆವರಿಸಿರುವ ಈ ಜಾಲವು ಹುಟ್ಟಿದುದು ಭೌತವಿಜ್ಞಾನಿಗಳ ಮನೆಯಲ್ಲಿ. ಜಿನೀವಾ ನಗರದ ಬಳಿಯಿರುವ ಸರ್ನ್ ಸಂಶೋಧನಾಲಯಕ್ಕೆ ನಾನಾ ದೇಶಗಳ ವಿಜ್ಞಾನಿಗಳು ಬಂದು, ಸಾಮಾನ್ಯವಾಗಿ ಎರಡು ವರ್ಷ ಕೆಲಸಮಾಡಿ, ಹಿಂದಿರುಗುತ್ತಿದ್ದರು. ಅವರೊಡನೆಯೇ ಅವರಿಗೆ ತಿಳಿದಿದ್ದ ಎಷ್ಟೋ ವಿವರಗಳೂ ಹೊರಟುಹೋಗುತ್ತಿದ್ದುವು. ಈ ನಷ್ಟವನ್ನು ತಡೆಯುವ ಉಪಾಯವೊಂದನ್ನು ೧೯೮೯ರ ಮಾರ್ಚಿಯಲ್ಲಿ ಅಲ್ಲಿನ ಟಿಮ್ ಬರ್ನರ್ಸ್-ಲೀ ಎಂಬುವರು ಸೂಚಿಸಿದರು. ಅವರೂ ಆಕ್ಸ್‌ಫರ್ಡಿನಲ್ಲಿ ಭೌತವಿಜ್ಞಾನವನ್ನೇ ಓದಿದ್ದವರು. ಹೀಗೆ ಹುಟ್ಟಿದ ಜಾಲವನ್ನು ಸರ್ನಿನ ಜನ ಮೊದಮೊದಲು ಬಳಸಿದುದು ಯಾವ ಘನವಾದ ಕಾರ್ಯಕ್ಕಾಗಿ? ಸಹೋದ್ಯೋಗಿಗಳ ದೂರವಾಣಿಯ ಸಂಖ್ಯೆಯನ್ನು ಹುಡುಕುವುದಕ್ಕಾಗಿ! ಬೇಕಾದುದು ಬೇಕಾದಾಗ ದೊರೆತುದರಿಂದಲೇ ಜಾಲವು ಜನಪ್ರಿಯವಾಯಿತು.

ಈ ಪಾಠವನ್ನು ವಿದ್ಯಾಸಂಸ್ಥೆಗಳು ಬೇಗ ಮರೆತುವೆಂದು ತೋರುತ್ತದೆ. ೨೦೧೦ರಲ್ಲಿ ಅಮೆರಿಕದ ವ್ಯಂಗ್ಯಚಿತ್ರಕಾರ ರ‍್ಯಾಂಡಲ್ ಮನ್ರೋ ಒಂದನ್ನೊಂದು ತುಸುವೇ ಛೇದಿಸುವ ಎರಡು ವೃತ್ತಗಳನ್ನು ಬರೆದರು. ಒಂದರಲ್ಲಿ ವಿಶ್ವವಿದ್ಯಾನಿಲಯದ ಮುಖಪುಟದಲ್ಲಿರುವ ವಸ್ತುಗಳು: ಆವರಣದ ಚಿತ್ರಗಳು, ಅಧ್ಯಕ್ಷರ ಪತ್ರ, ಪತ್ರಿಕಾ ಪ್ರಕಟಣೆಗಳು. ಮತ್ತೊಂದರಲ್ಲಿ ಜನರು ಅರಸಿಕೊಂಡು ಬರುವ ವಸ್ತುಗಳು: ಅರ್ಜಿಯ ನಮೂನೆ, ವರ್ಷದ ವೇಳಾಪಟ್ಟಿ, ಅಧ್ಯಾಪಕರ ದೂರವಾಣಿ. ಎರಡಕ್ಕೂ ಸಾಮಾನ್ಯವಾಗಿ ನಡುವೆ ಇದ್ದುದು ಒಂದೇ, ಸಂಸ್ಥೆಯ ಹೆಸರು! ನಮ್ಮ ತಾಣದ ಮುಖಪುಟವನ್ನು ಆ ಚಿತ್ರದ ಪಕ್ಕದಲ್ಲಿಟ್ಟು ನೋಡಿದಾಗ ನಮಗೆ ನಗು ಬರಲಿಲ್ಲ.

ಪ್ರಶ್ನೆಗಳ ಸಂಗ್ರಹ

ಹಾಗಾದರೆ ಜನರಿಗೆ ಬೇಕಾದುದೇನು? ಇದನ್ನು ಅಧ್ಯಾಪಕರ ಕೊಠಡಿಯಲ್ಲಿ ಕುಳಿತು ಊಹಿಸಿದರೆ ಅಭಿಪ್ರಾಯಗಳು ದೊರೆಯುತ್ತವೆಯೇ ಹೊರತು ವೀಕ್ಷಣೆಗಳಲ್ಲ. ನಾವು ಮೊದಲು ಕಾಲೇಜಿನ ಹಳೆಯ ಜವಾನರನ್ನು ವಿಚಾರಿಸಿದೆವು. ಬಾಗಿಲಿಗೆ ಬಂದವರನ್ನು “ಏನು ಬೇಕಾಗಿತ್ತು?” ಎಂದು ದಿನಕ್ಕೆ ನೂರು ಬಾರಿ ಕೇಳುವವರು ಅವರೇ ಅಲ್ಲವೆ? ಬಳಿಕ ಎರಡು ವಾರ ಕಚೇರಿಯ ಕಿಟಕಿಗೂ ದೂರವಾಣಿಗೂ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಬರೆದಿಟ್ಟೆವು. ಶುಲ್ಕವೆಷ್ಟು, ಪರೀಕ್ಷೆ ಎಂದು, ವಿದ್ಯಾರ್ಥಿವೇತನಕ್ಕೆ ಯಾವ ಕಾಗದಗಳು, ವರ್ಗಾವಣೆ ಪತ್ರವನ್ನು ಕೊಡುವವರಾರು ಎಂಬುವೇ ಮತ್ತೆ ಮತ್ತೆ ಬಂದುವು. ಸಂಸ್ಥೆಯ ಧ್ಯೇಯವೇನೆಂದು ಯಾರೂ ಕೇಳಲಿಲ್ಲ.

ಈ ಪ್ರಶ್ನೆಗಳನ್ನು ಒಂದೊಂದು ಚೀಟಿಯಲ್ಲಿ ಬರೆದು ವಿದ್ಯಾರ್ಥಿಗಳ ಕೈಗೆ ಕೊಟ್ಟು, “ಒಟ್ಟಿಗಿರಬೇಕೆಂದು ತೋರುವುವನ್ನು ಒಂದೆಡೆ ಇಡಿ” ಎಂದೆವು. ನಾವು ಕಚೇರಿಯ ಶಾಖೆಗಳಿಗೆ ತಕ್ಕಂತೆ ವಿಂಗಡಿಸಿದ್ದೆವು. ಅವರು ‘ಸೇರುವಾಗ’, ‘ಓದುವಾಗ’, ‘ಮುಗಿಸಿ ಹೋಗುವಾಗ’ ಎಂದು ವಿಂಗಡಿಸಿದರು. ಹೊಸ ತಾಣದ ವಿಭಾಗಗಳು ಅವೇ ಆದುವು.

ಐವರು ಸಾಕೆ?

ಕಟ್ಟಿದುದು ಸರಿಯಾಗಿದೆಯೆ ಎಂದು ತಿಳಿಯಲು ಎಷ್ಟು ಮಂದಿಯನ್ನು ಪರೀಕ್ಷಿಸಬೇಕು? ಇಲ್ಲೊಂದು ಸ್ವಾರಸ್ಯವಾದ ನಿಯಮವುಂಟು. ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ ಎಂಬುವರು ೧೯೯೩ರಲ್ಲಿ ಇದನ್ನು ಗಣಿತದ ರೂಪದಲ್ಲಿ ನಿರೂಪಿಸಿದರು. ಅವರು ಪರಿಶೀಲಿಸಿದ ಕೆಲಸಗಳಲ್ಲಿ, ಒಬ್ಬನೇ ಬಳಕೆದಾರನನ್ನು ಗಮನಿಸಿದರೆ ಸರಾಸರಿ ಶೇಕಡಾ ೩೧ರಷ್ಟು ದೋಷಗಳು ಬೆಳಕಿಗೆ ಬರುತ್ತಿದ್ದುವು, ೬೯ ಉಳಿಯುತ್ತಿದ್ದುವು. ಎರಡನೆಯವನು ಕಂಡ ದೋಷಗಳಲ್ಲಿ ಕೆಲವು ಮೊದಲನೆಯವನೇ ಕಂಡವು. ಆದುದರಿಂದ ಉಳಿದ ೬೯ರಲ್ಲಿ ಶೇಕಡಾ ೩೧ ಮಾತ್ರ ಕಳೆದು ಸುಮಾರು ೪೮ ಉಳಿಯುತ್ತವೆ. ಹೀಗೆಯೇ ಮುಂದುವರಿದರೆ ೩೩, ೨೩, ೧೬. ರೇಡಿಯಂ ಮೊದಲಾದ ವಿಕಿರಣಶೀಲ ಧಾತುಗಳು ಕ್ಷಯಿಸುವ ನಿಯಮವೂ ಇದೇ ಮಾದರಿಯದು. ಐದನೆಯವನು ಮುಗಿಸುವ ಹೊತ್ತಿಗೆ ಶೇಕಡಾ ೮೪ರಷ್ಟು ದೋಷಗಳು ಸಿಕ್ಕಿರುತ್ತವೆ. ಹದಿನೈದು ಮಂದಿ ದೊರೆತರೂ ಅವರನ್ನು ಒಟ್ಟಿಗೆ ಕೂರಿಸದೆ, ಐವರಂತೆ ಮೂರು ಸಾರಿ ಪರೀಕ್ಷಿಸಿ, ನಡುನಡುವೆ ತಿದ್ದುವುದು ಮೇಲೆಂದು ನೀಲ್ಸನ್ ೨೦೦೦ದಲ್ಲಿ ಬರೆದರು. ತಿದ್ದುಪಡಿಯಿಂದಲೂ ಹೊಸ ದೋಷಗಳು ಹುಟ್ಟಬಹುದಷ್ಟೆ. ವಿದ್ಯಾರ್ಥಿಗಳು, ಪೋಷಕರು ಎಂಬಂತೆ ಅಗತ್ಯಗಳು ಬೇರೆಬೇರೆಯಾದಲ್ಲಿ ಪ್ರತಿಯೊಂದು ವರ್ಗದಿಂದಲೂ ಕೆಲವರನ್ನು ಆರಿಸಬೇಕು.

ಮೊದಲ ಐವರಲ್ಲಿ ಆ ಹಳ್ಳಿಯ ಹುಡುಗಿಯನ್ನೂ ಕೂರಿಸಿಕೊಂಡೆವು. ವಿದ್ಯಾರ್ಥಿನಿಲಯದ ಕಡೆಯ ದಿನವನ್ನು ಹುಡುಕುವಂತೆ ಹೇಳಿ, ಬಾಯಿ ಮುಚ್ಚಿಕೊಂಡು ನೋಡುತ್ತ ಕುಳಿತೆವು. ನಡುವೆ ಬಾಯಿ ಹಾಕಿದರೆ ಪ್ರಯೋಗ ಕೆಡುತ್ತದೆ. ‘ಓದುವಾಗ’ ಎಂಬ ವಿಭಾಗದಲ್ಲಿ ಅದನ್ನು ಜೋಪಾನವಾಗಿ ಇಟ್ಟಿದ್ದೆವು. ಆಕೆ ‘ಸೇರುವಾಗ’ ಎಂಬುದರಲ್ಲಿ ಹುಡುಕಿ, ಸಿಗದೆ, ನಮ್ಮ ಮುಖ ನೋಡಿದಳು. ಕಾಲೇಜಿಗೆ ಸೇರುವ ಮೊದಲೇ ವಾಸದ ಚಿಂತೆ ಹತ್ತುವುದೆಂಬುದು ಊರಿನಲ್ಲಿಯೇ ಮನೆಯಿರುವ ನಮಗೆ ಹೊಳೆದಿರಲಿಲ್ಲ.

ಚಿತ್ರದ ಭಾರ, ಲಿಪಿಯ ತೊಡಕು

ದೋಷಗಳಲ್ಲಿ ಕೆಲವು ಬರಿಯ ಲೆಕ್ಕದವು. ಹಳೆಯ ಮುಖಪುಟದಲ್ಲಿ ನಾಲ್ಕು ಮೆಗಾಬೈಟಿನ ಐದು ಚಿತ್ರಗಳಿದ್ದುವು. ಬೈಟಿಗೆ ಎಂಟು ಬಿಟ್ಟುಗಳಂತೆ ಒಟ್ಟು ೧೬೦ ಮೆಗಾಬಿಟ್ಟು. ಹಳ್ಳಿಯ ಮೊಬೈಲಿಗೆ ಸೆಕೆಂಡಿಗೆ ಎರಡು ಮೆಗಾಬಿಟ್ಟು ದೊರೆತರೆ ಅವು ಪೂರ್ತಿ ಕಾಣಲು ೮೦ ಸೆಕೆಂಡು ಬೇಕು. ಅಡ್ಡಕ್ಕೆ ೪೦೦೦ ಚುಕ್ಕಿಗಳಿರುವ ಚಿತ್ರವನ್ನು ೧೦೦೦ ಚುಕ್ಕಿಗಳಿಗೆ ಇಳಿಸಿದರೆ ವಿಸ್ತೀರ್ಣವು ಹದಿನಾರರಲ್ಲೊಂದು ಪಾಲಾಗಿ, ಭಾರವೂ ಹೆಚ್ಚು ಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಒಂದೇ ಚಿತ್ರವನ್ನು ಹೀಗೆ ಇಳಿಸಿ ಉಳಿಸಿಕೊಂಡೆವು. ಅದಕ್ಕೆ ಒಂದು ಸೆಕೆಂಡು ಸಾಕು.

ಕಾಗದದ ಚಿತ್ರವಾಗಿ ಹಾಕಿದ ಸೂಚನೆಯ ತೊಡಕು ಇದಕ್ಕಿಂತ ದೊಡ್ಡದು. ಯಂತ್ರದ ಪಾಲಿಗೆ ಅದರಲ್ಲಿ ಅಕ್ಷರಗಳಿಲ್ಲ, ಬಣ್ಣದ ಚುಕ್ಕಿಗಳಿವೆ. ಆದುದರಿಂದ ‘ವಿದ್ಯಾರ್ಥಿನಿಲಯ’ ಎಂದು ಹುಡುಕಿದರೆ ಅದು ಸಿಗದು; ಕಣ್ಣು ಕಾಣದವರಿಗಾಗಿ ಪುಟವನ್ನು ಓದಿ ಹೇಳುವ ತಂತ್ರಾಂಶವೂ ಅಲ್ಲಿ ತಡವರಿಸುತ್ತದೆ. ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಕನ್ನಡದ ಆಕಾರಗಳಿಗೆ ಬಳಸುತ್ತಿದ್ದ ಹಳೆಯ ಅಚ್ಚಿನ ಬರಹಕ್ಕೂ ಇದೇ ಗತಿ. ೧೯೯೧ರ ಮೊದಲ ಯೂನಿಕೋಡ್ ಆವೃತ್ತಿಯಲ್ಲಿಯೇ ಕನ್ನಡ ಅಕ್ಷರಗಳಿಗೆ ಅವುಗಳದೇ ಆದ ಸಂಖ್ಯೆಗಳು ದೊರೆತಿವೆ. ಸೂಚನೆಗಳನ್ನು ಆ ಲಿಪಿಯಲ್ಲಿ ಬೆರಳಚ್ಚು ಮಾಡಿ ಹಾಕುವುದೆಂದು ನಿಯಮ ಮಾಡಿದೆವು.

ಪ್ರಾಂಶುಪಾಲರ ಸಂದೇಶವನ್ನು ನಾವು ತೆಗೆದುಹಾಕಲಿಲ್ಲ, ಒಳಪುಟಕ್ಕೆ ಕಳುಹಿಸಿದೆವು. ಮುಖಪುಟದ ನೆತ್ತಿಯ ಮೇಲೆ ಈಗ ಇರುವುದು ಬರಲಿರುವ ಕಡೆಯ ದಿನಗಳ ಪಟ್ಟಿ. ಮೊದಲ ಸಾಲಿನಲ್ಲಿ ವಿದ್ಯಾರ್ಥಿನಿಲಯದ ಅರ್ಜಿ, ಅದರ ಪಕ್ಕದಲ್ಲಿ ಕಚೇರಿಯ ದೂರವಾಣಿ ಸಂಖ್ಯೆ. ಎರಡನೆಯ ಸಾರಿ ಪರೀಕ್ಷೆಗೆ ಕುಳಿತ ಐವರೂ ಅದನ್ನು ಹುಡುಕಬೇಕಾಗಲಿಲ್ಲ. ಆ ಹುಡುಗಿಗೆ ಮರುವರ್ಷ ವಿದ್ಯಾರ್ಥಿನಿಲಯದಲ್ಲಿ ಸ್ಥಳ ಸಿಕ್ಕಿತು. ಕಳೆದುಹೋದ ಒಂದು ವರ್ಷದ ಓಡಾಟವನ್ನು ಮಾತ್ರ ಯಾವ ತಿದ್ದುಪಡಿಯಿಂದಲೂ ಹಿಂದಿರುಗಿಸಲಾಗಲಿಲ್ಲ.