ಜೀಪಿನ ಎಂಜಿನ್ ಬದಲಾವಣೆ

ಜೀಪಿನ ಎಂಜಿನ್ ಬದಲಾವಣೆ ಎಂದರೆ ಸವೆದುಹೋದ ಎಂಜಿನ್ನನ್ನು ಕಳಚಿ, ಅದರ ಸ್ಥಾನದಲ್ಲಿ ಬೇರೊಂದನ್ನು ಜೋಡಿಸುವ ಕಾರ್ಯ. ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ಈ ಆಯ್ಕೆಗೆ ವಿಶೇಷ ಮಹತ್ವವಿದೆ. ಇಲ್ಲಿ ಭಟ್ಕಳದಿಂದ ಕೋಗಾರ, ಹೊನ್ನಾವರದಿಂದ ಗೇರುಸೊಪ್ಪೆ ಹಾಗೂ ಕುಮಟಾದಿಂದ ದೇವಿಮನೆ ಘಾಟಿಗಳನ್ನು ಏರಬೇಕಾಗುವುದರಿಂದ, ವೇಗಕ್ಕಿಂತ ಎಳೆಯುವ ಶಕ್ತಿಯೇ ಮುಖ್ಯ.

ಮೂಲ ಎಂಜಿನ್‌ಗಳು

ಮಹೀಂದ್ರ ಸಂಸ್ಥೆಯ ಸಿಜೆ-3ಬಿ ಜೀಪಿನಲ್ಲಿ ವಿಲ್ಲೀಸ್ ವಿನ್ಯಾಸದ 2.2 ಲೀಟರಿನ 'ಹರಿಕೇನ್' ಪೆಟ್ರೋಲ್ ಎಂಜಿನ್ ಇತ್ತು. ಅನಂತರದ ಎಂಎಂ 540 ಮಾದರಿಯಲ್ಲಿ ಪ್ಯೂಜೊ ವಿನ್ಯಾಸದ 2.1 ಲೀಟರಿನ ಡೀಸೆಲ್ ಎಂಜಿನ್ ಬಳಕೆಗೆ ಬಂದಿತು.

ಆಯ್ಕೆಯ ಅಂಶಗಳು

ಅಶ್ವಶಕ್ತಿಯ ಅಂಕಿಯೊಂದನ್ನೇ ನೋಡಿದರೆ ಸಾಲದು. ಡೀಸೆಲ್ ಎಂಜಿನ್ ಕಡಿಮೆ ಸುತ್ತುಗಳಲ್ಲಿಯೇ ಹೆಚ್ಚಿನ ಟಾರ್ಕ್ ನೀಡುವುದರಿಂದ ಏರುದಾರಿಗೆ ಒಗ್ಗುತ್ತದೆ. ಆದರೆ ಅದು ಸಾಮಾನ್ಯವಾಗಿ ಪೆಟ್ರೋಲ್ ಎಂಜಿನ್ನಿಗಿಂತ ಭಾರವಾದುದು. ಮುಂದಿನ ಸ್ಪ್ರಿಂಗ್ ಪ್ಲೇಟುಗಳು ಆ ಭಾರವನ್ನು ತಾಳಬೇಕು. ಕ್ಲಚ್, ಗೇರ್‌ಬಾಕ್ಸ್ ಮತ್ತು ರೇಡಿಯೇಟರ್‌ಗಳೂ ಹೊಸ ಎಂಜಿನ್ನಿಗೆ ಹೊಂದಬೇಕು. ರೇಡಿಯೇಟರ್ ಚಿಕ್ಕದಾದರೆ, ನಿಧಾನವಾಗಿ ಘಾಟಿ ಏರುವಾಗ ಎಂಜಿನ್ ಕಾಯುತ್ತದೆ.

ಕಾನೂನು

ಎಂಜಿನ್ ಸಂಖ್ಯೆ ಮತ್ತು ಇಂಧನದ ಬಗೆ ನೋಂದಣಿ ಪತ್ರದಲ್ಲಿ ನಮೂದಾಗಿರುತ್ತವೆ. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂಥ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ನಿರ್ಬಂಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಇದನ್ನು ಎತ್ತಿಹಿಡಿಯಿತು. ಪೂರ್ವಾನುಮತಿಯಿಲ್ಲದೆ ಎಂಜಿನ್ ಬದಲಿಸಿದ ಮಾಲೀಕರು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಕೆಎ-47 ಸಂಕೇತದ ವಾಹನಗಳಿಗೆ ಹೊನ್ನಾವರದ ಸಾರಿಗೆ ಕಚೇರಿಯೇ ಆ ಪ್ರಾಧಿಕಾರ. ದಾಖಲಾಗದ ಎಂಜಿನ್ನಿನಿಂದ 15 ವರ್ಷಗಳ ಬಳಿಕದ ನೋಂದಣಿ ನವೀಕರಣಕ್ಕೂ ಅಪಘಾತದ ವಿಮಾ ಪರಿಹಾರಕ್ಕೂ ಅಡ್ಡಿಯಾಗಬಹುದು. ಆದುದರಿಂದ ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ನೇ ಹೆಚ್ಚು ಸುರಕ್ಷಿತ ಆಯ್ಕೆ.